ಐರ್ಲೆಂಡಿನ ಕಡಲೂರಿನಲ್ಲಿ ಹಸನಬ್ಬನಿಗೊಂದು ಜಾಗ

ನಾನು ಐರ್ಲೆಂಡಿಗೆ ಹೋಗಿಬಂದವನೆಂದು ತಿಳಿದರೆ ಮಂಗಳೂರಿನ ಗೆಳೆಯರು ಅಲ್ಲಿಯ ಹಸಿರಿನ ಬಗ್ಗೆ ಕೇಳುತ್ತಾರೆ, ಅಲ್ಲಿಯ ಬೆಣ್ಣೆಯ ಬಗ್ಗೆ ಕೇಳುತ್ತಾರೆ. ನಾನು ಸರಿಯಾಗಿ ಕಂಡದ್ದು ಅಲ್ಲಿಯ ಒಂದೇ ಒಂದು ಊರನ್ನು. ಆ ಊರಲ್ಲಿ ಇದ್ದದ್ದು ನಾಲ್ಕು ದಿನ. ನಾಲ್ಕು ದಿನವೂ ಹೆದರಿಕೊಂಡೇ ಇದ್ದೆ. ಆದ್ದರಿಂದ ಇದನ್ನು ಬರೆಯಲು ಇಷ್ಟು ವರ್ಷ ಹಿಡಿಯಿತು. ಊರಿನ ಹೆಸರು ಬರೆಯುವುದಿಲ್ಲ. ಅಲ್ಲಿರುವುದು ಕೆಲವೇ ಮನೆಗಳು. ಹೆಸರು ಹೇಳಿದರೆ ನಾನು ಯಾರ ಮನೆಯ ಸಂಗತಿ ಹೇಳುತ್ತಿದ್ದೇನೆಂದು ಆ ಸೀಮೆಯವರಿಗೆಲ್ಲ ತಿಳಿದುಬಿಡುತ್ತದೆ.

ಲಂಡನ್

ಐವತ್ತರ ದಶಕ ಮುಗಿಯುತ್ತ ಬಂದಿತ್ತು. ಮಂಗಳೂರಿನಲ್ಲಿ ನಮ್ಮದೊಂದು ಹೋಟೆಲ್ ಇತ್ತು. ಅದನ್ನು ದೊಡ್ಡದು ಮಾಡುವ ಆಸೆಯಿಂದ ಅಪ್ಪ ನನ್ನನ್ನು ಆ ವಿದ್ಯೆ ಕಲಿಯಲು ಲಂಡನ್ನಿಗೆ ಕಳಿಸಿದ್ದರು. ಫೆಬ್ರವರಿಯ ಒಂದು ಬೆಳಿಗ್ಗೆ ನನಗೊಂದು ತಂತಿ ಬಂತು. ‘ನಿಮ್ಮ ಗೆಳೆಯ ಹಸನಬ್ಬ ನಮ್ಮಲ್ಲಿದ್ದಾನೆ. ಕಾಯಿಲೆ ಜೋರಾಗಿದೆ. ಕೂಡಲೇ ಬನ್ನಿ.’ ಕೆಳಗೆ ಐರ್ಲೆಂಡಿನ ಪಶ್ಚಿಮ ಕರಾವಳಿಯ ಒಂದು ಊರಿನ ಪಾದ್ರಿಗಳ ಹೆಸರಿತ್ತು.

ಹಸನಬ್ಬ ಮಂಗಳೂರಿನ ಹೊಳೆಯಾಚೆಯ ಬೆಂಗ್ರೆಯವನು. ಶಾಲೆಯಲ್ಲಿ ಎಂಟನೆಯ ತರಗತಿವರೆಗೆ ನನ್ನ ಪಕ್ಕದಲ್ಲೇ ಕುಳಿತವನು. ದಿನಾ ಬೆಳಿಗ್ಗೆ ದೋಣಿಯಲ್ಲಿ ಹೊಳೆ ದಾಟಿ, ಒದ್ದೆ ಕಾಲಲ್ಲೇ ತರಗತಿಗೆ ಬರುತ್ತಿದ್ದ. ಅವನ ತಂದೆಯ ದೋಣಿ ಅಳಿವೆಯಲ್ಲಿ ಮಗುಚಿದ ವರ್ಷ ಶಾಲೆ ಬಿಟ್ಟ. ಮೊದಲು ಬಂದರಿನ ಒಂದು ಅಂಗಡಿಯಲ್ಲಿದ್ದು, ಆಮೇಲೆ ಸರಕಿನ ಹಡಗೊಂದರಲ್ಲಿ ಭಂಡಾರಿಯಾದ. ಹಡಗಿನಲ್ಲಿ ಅಡುಗೆಯವನಿಗೆ ಹಾಗೆನ್ನುತ್ತಾರೆ. ಹಡಗು ಲಂಡನ್ನಿಗೆ ಬಂದಾಗಲೆಲ್ಲ ನನ್ನ ಕೋಣೆಗೆ ಬಂದು, ಸ್ಟೌವಿನ ಮೇಲೆ ಮೀನಿನ ಗಸಿ ಮಾಡಿ, ನನಗೆ ಮನೆಯೊಡತಿಯಿಂದ ಬೈಗುಳ ತಿನ್ನಿಸಿ ಹೋಗುತ್ತಿದ್ದ. ನನ್ನ ವಿಳಾಸ ಬರೆದ ಚೀಟಿಯೊಂದು ಅವನ ಕಿಸೆಯಲ್ಲಿತ್ತಂತೆ. ತಂತಿ ನನಗೆ ಬಂದದ್ದು ಹಾಗೆ.

ಅವನಿಗೆ ಊರಲ್ಲಿ ತಾಯಿ ಮಾತ್ರ. ತಂತಿ ಕೈಯಲ್ಲಿ ಹಿಡಿದು ನಿಂತಾಗ ನನಗೆ ಮೊದಲು ನೆನಪಾದದ್ದು ಅವರ ಮುಖ.

ತಪ್ಪಿ ಇಳಿದ ಊರು

ಆ ಹಡಗಿನ ಪ್ರಯಾಣದ ಬಗ್ಗೆ ಹೇಳುವಂಥದ್ದು ಏನೂ ಇಲ್ಲ. ನಾನು ಕಬ್ಬಿಣದ ಕಂಬವೊಂದನ್ನು ಅಪ್ಪಿಕೊಂಡು ವಾಂತಿ ಮಾಡುತ್ತಿದ್ದೆ. ಡಬ್ಲಿನ್ನಿನಿಂದ ರೈಲು ಹಿಡಿದೆ. ರೈಲಿನಲ್ಲಿ ಎದುರು ಕುಳಿತ ಹೆಂಗಸು ನನ್ನ ಬಣ್ಣವನ್ನು ಬಹಳ ಹೊತ್ತು ನೋಡಿ, ಕೊನೆಗೆ ತನ್ನ ಬ್ರೆಡ್ಡಿನಲ್ಲಿ ಅರ್ಧ ಮುರಿದು ಕೊಟ್ಟಳು. ಎಲ್ಲಿಗೆ ಎಂದು ಕೇಳಿದಳು. ಹೇಳಿದೆ. “ಯಾರಾದರೂ ತೀರಿಕೊಂಡರಾ?” ಎಂದಳು. ಆ ದಿಕ್ಕಿಗೆ ಹೊಸಬರು ಹೋಗುವುದಕ್ಕೆ ಅವಳಿಗೆ ಬೇರೆ ಕಾರಣ ತೋಚಲಿಲ್ಲವೇನೋ. ಉಳಿದ ಬ್ರೆಡ್ಡನ್ನು ಕಾಗದದಲ್ಲಿ ಸುತ್ತಿ ಕಿಸೆಯಲ್ಲಿಟ್ಟೆ.

ಆ ದೇಶದಲ್ಲಿ ಊರುಗಳ ಹೆಸರು ಅರ್ಧಕ್ಕರ್ಧ ‘ಕಿಲ್’ ಎಂದೇ ಶುರುವಾಗುತ್ತದೆ. ಅವರ ಹಳೆಯ ಭಾಷೆಯಲ್ಲಿ ಅದರ ಅರ್ಥ ಇಗರ್ಜಿ, ಅಂದರೆ ಚರ್ಚು. ಇದು ನನಗೆ ಗೊತ್ತಾದದ್ದು ತಪ್ಪಾದ ‘ಕಿಲ್’ನಲ್ಲಿ ಬಸ್ಸಿನಿಂದ ಇಳಿದ ಮೇಲೆ. ಹೆಸರಿನ ಬಾಲದಲ್ಲಿ ಒಂದೇ ಅಕ್ಷರ ಬೇರೆ. ಅಂಚೆ ಕಚೇರಿಯ ಮುದುಕ ನನ್ನ ತಂತಿಯನ್ನು ಎರಡು ಸಲ ಓದಿ, ಟೋಪಿ ತೆಗೆದು ತಲೆ ಕೆರೆದುಕೊಂಡ.

“ನೀವು ಹೋಗಬೇಕಾದ್ದು ಇದಲ್ಲ. ಅದು ಇನ್ನೂ ಆಚೆ, ಕೊಲ್ಲಿಯ ಆ ಬದಿ.”

“ಬಸ್ಸು ಉಂಟಾ?”

“ಶನಿವಾರ.”

ಅಂದು ಬುಧವಾರ. ಹಾಲಿನ ಡಬ್ಬಗಳನ್ನು ಸಾಗಿಸುವ ಲಾರಿಯೊಂದು ನನ್ನನ್ನು ಕೊಲ್ಲಿಯ ಈಚೆ ದಂಡೆಗೆ ತಂದು ಬಿಟ್ಟಿತು. ಅಷ್ಟರಲ್ಲಿ ಅರ್ಧ ದಿನ ಹೋಗಿತ್ತು. ಆ ಅರ್ಧ ದಿನದಲ್ಲಿ ಹಸನಬ್ಬ ತೀರಿಹೋಗಿದ್ದರೆ ಎಂದು ದಾರಿಯುದ್ದಕ್ಕೂ ಯೋಚಿಸುತ್ತಿದ್ದೆ.

ಮರಳಿನ ದಾರಿ

ಕೊಲ್ಲಿ ಎಂದರೆ ಅಲ್ಲಿ ನೀರೇ ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಒದ್ದೆ ಮರಳು, ಅದರ ಆಚೆ ಬೂದು ಬಣ್ಣದ ಒಂದು ಗುಡ್ಡ, ಗುಡ್ಡದ ಬುಡದಲ್ಲಿ ಊರು. ಇಳಿತದ ಹೊತ್ತಿಗೆ ಮರಳಿನ ಮೇಲೆ ನಡೆದು ದಾಟಬಹುದು, ಭರತ ಬಂದರೆ ಎರಡಾಳು ನೀರು. ನನ್ನನ್ನು ಕರೆದೊಯ್ಯಲು ಮಾರ್ಟಿನ್ ಎಂಬ ಎತ್ತರದ ಮುದುಕ ಕತ್ತೆಗಾಡಿ ತಂದಿದ್ದ. ಲಾರಿಯವನೇ ಎಲ್ಲಿಂದಲೋ ಫೋನು ಮಾಡಿಸಿದ್ದನಂತೆ. ಮಾರ್ಟಿನ್ ಮೀನುಗಾರ. ನಾನು ಕೇಳಿದ ಮೊದಲ ಪ್ರಶ್ನೆಗೆ ಅವನು, “ಬದುಕಿದ್ದಾನೆ. ನನ್ನ ಅತ್ತಿಗೆಯ ಮನೆಯಲ್ಲಿದ್ದಾನೆ” ಎಂದಷ್ಟೇ ಹೇಳಿದ.

ಅರ್ಧ ದಾರಿಯಲ್ಲಿ ಮಂಜು ಕವಿಯಿತು. ನಮ್ಮಲ್ಲಿಯ ಮಂಜಿನ ಹಾಗಲ್ಲ. ಕತ್ತೆಯ ಕಿವಿ ಕೂಡ ಕಾಣದಾಯಿತು. ಮಾರ್ಟಿನ್ ಗಾಡಿ ನಿಲ್ಲಿಸಿ ಕಿವಿಗೊಟ್ಟು ನಿಂತ. ಎಡಗಡೆಯಲ್ಲಿ ಎಲ್ಲೋ ನೀರು ಮರಳಿನ ಮೇಲೆ ಹರಿದು ಬರುವ ಸಣ್ಣ ಸದ್ದು, ಅಕ್ಕಿ ತೊಳೆಯುವ ಹಾಗೆ.

“ನಿಮಗೆ ಈಜಲು ಬರುತ್ತದಾ?” ಎಂದು ಕೇಳಿದೆ.

“ಇಲ್ಲ. ನಮ್ಮಲ್ಲಿ ಯಾರೂ ಕಲಿಯುವುದಿಲ್ಲ. ಕಡಲು ತನಗೆ ಬೇಕಾದವನನ್ನು ಕೇಳಿದಾಗ ಕೊಡದಿದ್ದರೆ ಬೇರೆ ಯಾರನ್ನೋ ತೆಗೆದುಕೊಳ್ಳುತ್ತದೆ.”

ಅವನು ಇದನ್ನು ಸಾದಾ ಮಾತಿನಂತೆ ಹೇಳಿದ. ಬೆಂಗ್ರೆಯಲ್ಲಿ ನಡೆಯಲು ಕಲಿತ ಮಕ್ಕಳೆಲ್ಲ ಈಜುತ್ತಾರೆ. ಆದರೂ ಹಸನಬ್ಬನ ತಂದೆ ಉಳಿಯಲಿಲ್ಲ. ನಾನು ಗಾಡಿಯ ಪಟ್ಟಿಯನ್ನು ಗಟ್ಟಿಯಾಗಿ ಹಿಡಿದೆ. ನೀರು ಚಕ್ರವನ್ನು ಮುಟ್ಟಿತು. ಆಗ ಬಲಗಡೆಯಿಂದ ಇಗರ್ಜಿಯ ಗಂಟೆ ಕೇಳಿತು. ಮಾರ್ಟಿನ್ ಶಿಲುಬೆಯ ಗುರುತು ಮಾಡಿಕೊಂಡು ಕತ್ತೆಯ ಮೂಗನ್ನು ಆ ಕಡೆ ತಿರುಗಿಸಿದ. ಮಂಜು ಬಿದ್ದಾಗ ಮರಳಿನ ಮೇಲೆ ಯಾರಾದರೂ ಇದ್ದಾರೆಂದು ತಿಳಿದರೆ ಗಂಟೆ ಬಾರಿಸುತ್ತಲೇ ಇರುವುದು ಆ ಊರಿನ ಹಳೆಯ ಕ್ರಮವಂತೆ. ದಂಡೆಗೆ ಬಂದಾಗ ನನ್ನ ಪ್ಯಾಂಟು ಮೊಣಕಾಲಿನವರೆಗೆ ನೆನೆದಿತ್ತು.

ನೋರಮ್ಮನ ಮನೆ

ಮಾರ್ಟಿನ್ನನ ಅತ್ತಿಗೆಯ ಹೆಸರು ನೋರಾ. ಅರುವತ್ತು ದಾಟಿದ ವಿಧವೆ, ಕಪ್ಪು ಶಾಲು, ಕೆಂಪಾದ ಕೈಗಳು. ಎರಡನೆಯ ದಿನದಿಂದ ನಾನು ನೋರಮ್ಮ ಅನ್ನತೊಡಗಿದೆ. ಅವರಿಗೂ ಅದು ಇಷ್ಟವಾಯಿತು. ಬಾಗಿಲ ಮೇಲೆ ಜೊಂಡುಹುಲ್ಲಿನಿಂದ ಹೆಣೆದ ಶಿಲುಬೆ ಇತ್ತು, ಹಬ್ಬದ ದಿನ ನಾವು ತೋರಣ ಕಟ್ಟಿದ ಹಾಗೆ. ಒಳಗೆ ಒಲೆಯ ಪಕ್ಕದ ಮಂಚದಲ್ಲಿ ಹಸನಬ್ಬ ಮಲಗಿದ್ದ. ಅವನ ಉಸಿರು ಬಾಗಿಲಿನವರೆಗೆ ಕೇಳುತ್ತಿತ್ತು.

ಬಿರುಗಾಳಿ ತಪ್ಪಿಸಿಕೊಳ್ಳಲು ಹಡಗು ಈ ಕೊಲ್ಲಿಯ ಬಾಯಿಯಲ್ಲಿ ಲಂಗರು ಹಾಕಿತ್ತಂತೆ. ಹಸನಬ್ಬ ಮೂರು ದಿನದಿಂದ ಜ್ವರದಲ್ಲಿದ್ದ. ದೋಣಿಯಲ್ಲಿ ಅವನನ್ನು ದಡಕ್ಕೆ ಇಳಿಸಿ, ಗಾಳಿ ತಗ್ಗಿದ ಮೇಲೆ ಹಡಗು ಹೊರಟುಹೋಯಿತು. ಪೇಟೆಯ ಡಾಕ್ಟರು ಬಂದು ನೋಡಿ, ಎರಡು ಶ್ವಾಸಕೋಶವೂ ಕಟ್ಟಿವೆ, ಅಲುಗಾಡಿಸಿದರೆ ದಾರಿಯಲ್ಲೇ ಹೋಗುತ್ತಾನೆ ಎಂದು ಹೇಳಿ ಚುಚ್ಚುಮದ್ದು ಕೊಡುತ್ತಿದ್ದರು. ಮಂಚ ಕೊಟ್ಟವರು ನೋರಮ್ಮ.

ಹಸನಬ್ಬ ಕಣ್ಣು ತೆರೆದ. ನಾವು ಮಾತಾಡುವುದು ತುಳುವಿನಲ್ಲಿ.

“ಸದಾ, ನೀನು ಎಂತ ಬಂದದ್ದು ಮಾರಾಯ? ಪರೀಕ್ಷೆ ಇಲ್ಲವಾ?”

“ಪರೀಕ್ಷೆ ಇರ್ಲಿ. ನೀನು ಹೇಗಿದ್ದೀ?”

“ಇವರಿಗೆ ಬಂಗುಡೆ ಗೊತ್ತುಂಟು. ಉಪ್ಪು ಹಾಕಿ ಇಟ್ಟಿದ್ದಾರೆ. ಮೆಣಸು ಮಾತ್ರ ಗೊತ್ತಿಲ್ಲ.” ನಗಲು ಹೋಗಿ ಕೆಮ್ಮಿದ. ಆ ಕೆಮ್ಮು ನಿಲ್ಲುವವರೆಗೆ ನಾನು ಅವನ ಬೆನ್ನು ಹಿಡಿದುಕೊಂಡೆ.

ಸಂಜೆಯಾಗುತ್ತಿತ್ತು. ಒದ್ದೆ ಬಟ್ಟೆ ಬದಲಾಯಿಸಲು ನಾನು ಪಕ್ಕದ ಕೋಣೆಗೆ ಹೋದೆ. ತಿರುಗಿ ಬಂದಾಗ ನೋರಮ್ಮ ಮಂಚದ ಮೇಲೆ ಬಾಗಿದ್ದರು. ಒಂದು ಕೈಯಲ್ಲಿ ಸಣ್ಣ ಬಾಟಲಿ. ಇನ್ನೊಂದು ಕೈ ನಿದ್ದೆಯಲ್ಲಿದ್ದ ಹಸನಬ್ಬನ ಹಣೆಯ ಕೂದಲನ್ನು ಹಿಂದಕ್ಕೆ ಸರಿಸುತ್ತಿತ್ತು. ತುಟಿಗಳು ಅಲುಗಾಡುತ್ತಿದ್ದವು.

ನಾನು ಪಾದ್ರಿಗಳ ಶಾಲೆಯಲ್ಲಿ ಓದಿದವನು. ಸಾಯುವವನಿಗೆ ಯಾವ ಕ್ರೈಸ್ತನಾದರೂ ನೀರು ಹಾಕಿ ಜ್ಞಾನಸ್ನಾನ ಕೊಟ್ಟು ಕ್ರೈಸ್ತನನ್ನಾಗಿ ಮಾಡಬಹುದೆಂದು ನನಗೆ ಗೊತ್ತಿತ್ತು. ಓಡಿಹೋಗಿ ಅವರ ಮಣಿಕಟ್ಟು ಹಿಡಿದೆ. ಬಾಟಲಿ ನೆಲಕ್ಕೆ ಬಿದ್ದು ನೀರು ಕಲ್ಲಿನ ಮೇಲೆ ಹರಿಯಿತು. ಮುದಿ ಹೆಂಗಸಿನ ಕೈ ತಿರುಚಿದೆನಲ್ಲ ಎಂಬ ನಾಚಿಕೆ ಆಮೇಲೆ ಬಂತು.

“ಅವನು ಮುಸಲ್ಮಾನ” ಎಂದೆ. “ಹಾಗೆಯೇ ಇರಬೇಕು.”

ನೋರಮ್ಮನಿಗೆ ಸಿಟ್ಟು ಬರಲಿಲ್ಲ. ಅಳತೊಡಗಿದರು. “ನಿನಗೆ ಗೊತ್ತಿಲ್ಲ ಮಗ. ಇದಿಲ್ಲದೆ ಹೋದರೆ ಇವನನ್ನು ಅಲ್ಲಿ ಹಾಕುತ್ತಾರೆ.”

“ಎಲ್ಲಿ?”

ಅವರು ಕಿಟಕಿಯ ಕಡೆ ತೋರಿಸಿದರು. ಮಂಜು ಸ್ವಲ್ಪ ಹರಿದಿತ್ತು. ಕಡಲಿನ ಅಂಚಿನಲ್ಲಿ ಒಂದು ದಿಬ್ಬ, ಅದರ ಸುತ್ತ ಮೋಟು ಗೋಡೆ. ಅಷ್ಟೇ ಕಂಡಿತು. ಆ ರಾತ್ರಿ ನಾನು ಮಂಚದ ಪಕ್ಕ ಕಾವಲುಗಾರನಂತೆ ಕುಳಿತೆ. ಮಂಚ ಕೊಟ್ಟವರ ವಿರುದ್ಧವೇ ಕಾವಲು.

ಸಂತನ ಬಾವಿ

ಮರುದಿನ ಬೆಳಿಗ್ಗೆ ಡಾಕ್ಟರು ಚುಚ್ಚುಮದ್ದು ಕೊಡುವ ಹೊತ್ತಿಗೆ ನೋರಮ್ಮ ನನ್ನನ್ನು ಬಾವಿಗೆ ಕರೆದೊಯ್ದರು. ಬಾಟಲಿಯ ನೀರು ಅಲ್ಲಿಯದು. ಕಲ್ಲು ಕಟ್ಟಿದ ಸಣ್ಣ ಒರತೆ, ಮೇಲೆ ಮುಳ್ಳಿನ ಗಿಡ, ಗಿಡದ ತುಂಬ ಬಟ್ಟೆಯ ಚೂರುಗಳು. ಒಂದೊಂದು ಚೂರೂ ಒಬ್ಬೊಬ್ಬರ ಕಾಯಿಲೆ. ಏಳು ಬೆಣಚುಕಲ್ಲು ಕೈಯಲ್ಲಿ ಹಿಡಿದು ಬಲಕ್ಕೆ ಸುತ್ತು ಬರಬೇಕು, ಸುತ್ತಿಗೊಂದರಂತೆ ಕಲ್ಲು ಬಿಡಬೇಕು. ಪ್ರದಕ್ಷಿಣೆ! ಇಷ್ಟು ದೂರ ಬಂದು ಇದನ್ನು ಕಂಡು ಬೇರೆ ಸಮಯವಾಗಿದ್ದರೆ ಬೆರಗಾಗುತ್ತಿದ್ದೆ. ಆಗ ಮಾತ್ರ ಕೇಳದೆಯೇ ಏಳು ಕಲ್ಲು ಹೆಕ್ಕಿದೆ. ಹಸನಬ್ಬನಿಗೆ ಗೊತ್ತಾದರೆ ನಗುತ್ತಾನೆ, ನಗಲಿ, ಬದುಕಿ ನಗಲಿ ಎಂದುಕೊಂಡು ಸುತ್ತಿದೆ. ಐದನೆಯ ಸುತ್ತಿನಲ್ಲಿ ಲೆಕ್ಕ ತಪ್ಪಿತೋ ಎಂದು ಹೆದರಿ ಮತ್ತೆ ಮೊದಲಿನಿಂದ ಶುರುಮಾಡಿದೆ.

ಬಾವಿಯಿಂದ ಆ ದಿಬ್ಬ ಹತ್ತಿರ. ನೋರಮ್ಮ ಬಾವಿಯ ಬಳಿಯೇ ನಿಂತು ಅದರ ಕಥೆ ಹೇಳಿದರು. ಬಹಳ ಹಿಂದೆ ಒಬ್ಬ ಸಂತ ತೊಗಲು ಹೊದಿಸಿದ ದೋಣಿಯಲ್ಲಿ ಬಂದು ಇಳಿದದ್ದು ಅಲ್ಲಿ. ಅವನು ಕಟ್ಟಿದ ಕಲ್ಲಿನ ಗುಡಿಯೇ ಈ ಊರಿಗೆ ಮೊದಲು. ಉತ್ತರದಿಂದ ಬಂದ ಕಡಲುಗಳ್ಳರು ಅದನ್ನು ಎರಡು ಸಲ ಸುಟ್ಟರು; ಸನ್ಯಾಸಿಗಳು ಗಂಟೆಯನ್ನು ಕೆಸರಿನಲ್ಲಿ ಹೂತು ಪ್ರಾಣ ಬಿಟ್ಟರು. ಆಮೇಲೆ ಇಂಗ್ಲಿಷರ ಕಾಲದಲ್ಲಿ ಪೂಜೆ ಮಾಡುವುದೇ ಅಪರಾಧವಾದಾಗ, ಊರವರು ಗುಡ್ಡದ ಹಿಂದೆ ಒಂದು ಬಂಡೆಯನ್ನೇ ಪೀಠ ಮಾಡಿಕೊಂಡು, ನಾಲ್ಕು ದಿಕ್ಕಿಗೂ ಕಾವಲು ನಿಲ್ಲಿಸಿ ಪೂಜೆ ಮಾಡಿದರು. ಆಲೂಗಡ್ಡೆ ಕೊಳೆತ ಬರಗಾಲದ ವರ್ಷಗಳಲ್ಲಿ ಅರ್ಧ ಊರು ಸತ್ತಿತು, ಉಳಿದ ಅರ್ಧದಲ್ಲಿ ಬಹಳ ಮಂದಿ ಹಡಗು ಹತ್ತಿದರು. ಹೊಸ ಇಗರ್ಜಿಯೂ ಅದರ ಸ್ಮಶಾನವೂ ಬಂದ ಮೇಲೆ ಹಳೆಯ ಗುಡಿ ಪಾಳುಬಿತ್ತು.

“ಹಾಗಾದರೆ ಅದು ಊರಿನ ಅತ್ಯಂತ ಪವಿತ್ರ ಜಾಗವಲ್ಲವೇ? ಯಾಕೆ ಹೆದರುತ್ತೀರಿ?”

“ಈಗ ಅದು ಕಿಲ್ಲೀನ್” ಎಂದರು. ಆ ಪದಕ್ಕೆ ಸಣ್ಣ ಇಗರ್ಜಿ ಎಂದರ್ಥ. ಜ್ಞಾನಸ್ನಾನವಾಗದೆ ಸತ್ತ ಕೂಸುಗಳನ್ನು, ಕಡಲು ತಂದು ಹಾಕಿದ ಗುರುತಿಲ್ಲದ ಹೆಣಗಳನ್ನು ಹೂಳುವುದು ಅಲ್ಲಿ. ಸ್ಮಶಾನದಲ್ಲಿ ಅವರಿಗೆ ಜಾಗವಿಲ್ಲ. ಅವರು ಸ್ವರ್ಗಕ್ಕೂ ಹೋಗುವುದಿಲ್ಲ, ನರಕಕ್ಕೂ ಹೋಗುವುದಿಲ್ಲ, ದೇವರ ಮುಖ ಕಾಣದೆ ಎಲ್ಲೋ ನಡುವೆ ಇರುತ್ತಾರೆ. ತಂದೆ ಮುಸ್ಸಂಜೆಯಲ್ಲಿ ಪೆಟ್ಟಿಗೆ ಹೊತ್ತು ಹೋಗುತ್ತಾನೆ, ಹೂಳುತ್ತಾನೆ, ಬರುತ್ತಾನೆ. ಗುರುತಿಗೊಂದು ಕಲ್ಲು ಮಾತ್ರ. ಹೆಸರಿಲ್ಲ, ಪ್ರಾರ್ಥನೆಯಿಲ್ಲ. ತಾಯಿ ಹೋಗುವ ಕ್ರಮವಿಲ್ಲ.

ದಿಬ್ಬದ ಕಡೆ ನೋಡುತ್ತ ಹೇಳಿದರು. “ನನ್ನದೂ ಒಂದು ಅಲ್ಲಿದೆ. ಹುಟ್ಟುವಾಗಲೇ ಉಸಿರಿರಲಿಲ್ಲ. ಮೂವತ್ತೊಂಬತ್ತು ವರ್ಷವಾಯಿತು. ಯಾವ ಕಲ್ಲು ಎಂದು ಗೊತ್ತಿಲ್ಲ. ಗಂಡ ಹೇಳಲಿಲ್ಲ, ನಾನು ಕೇಳಲಿಲ್ಲ. ಅಂಥ ಕತ್ತಲಿಗೆ ನಿನ್ನ ಗೆಳೆಯನನ್ನೂ ಕಳಿಸಬೇಕಾ?”

ಹಿಂದಿನ ಸಂಜೆ ಕಳ್ಳತನ ಎಂದುಕೊಂಡದ್ದು ಎಂಥ ಭಯದಿಂದ ಬಂದದ್ದೆಂದು ಆಗ ತಿಳಿಯಿತು. ತಿಳಿದದ್ದರಿಂದ ನನ್ನ ಭಯವೇನೂ ಕಡಿಮೆಯಾಗಲಿಲ್ಲ.

ಅಂದು ಮಧ್ಯಾಹ್ನ ಹಸನಬ್ಬನಿಗೆ ಒಂದು ಗಂಟೆಯಷ್ಟು ಹೊತ್ತು ಪೂರ್ತಿ ಎಚ್ಚರ ಬಂತು. ನಾನು ಗುಣವಾಗುತ್ತಾನೆಂದುಕೊಂಡೆ. ಅವನು ಬೇರೆಯೇ ಮಾತು ತೆಗೆದ.

“ಸದಾ, ಹತ್ತಿರ ಬಾ. ನಾನು ಹೋದರೆ ನೀನೇ ಮಾಡ್ಬೇಕು. ಇಲ್ಲಿ ನಮ್ಮವರು ಯಾರೂ ಇಲ್ಲ.”

“ಬೇಡದ ಮಾತು ಆಡ್ಬೇಡ.”

“ಕೇಳು ಮಾರಾಯ. ಮೀಯಿಸ್ಬೇಕು. ಬಿಳಿ ಬಟ್ಟೆ ಸುತ್ತಬೇಕು. ಬಲ ಮಗ್ಗುಲಿಗೆ ಮಲಗಿಸಿ ಮುಖ ಕಿಬ್ಲಾಕ್ಕೆ, ಮಕ್ಕದ ಕಡೆಗೆ, ಮಾಡ್ಬೇಕು. ಅಷ್ಟು ಸಾಕು.”

“ನನಗೆ ನಿಮ್ಮ ಮಂತ್ರ ಎಂತ ಗೊತ್ತುಂಟು ಹಸನಬ್ಬ? ತಪ್ಪಿದರೆ?”

“ಗೊತ್ತಿಲ್ಲದವನ ತಪ್ಪನ್ನು ಅಲ್ಲಾಹು ಹಿಡಿಯುವುದಿಲ್ಲ. ನಮಾಝು ಊರಲ್ಲಿ ಮಾಡ್ತಾರೆ. ಮಯ್ಯತ್ತು, ಅಂದ್ರೆ ಹೆಣ, ಎದುರಿಗೆ ಇಲ್ಲದಿದ್ದರೂ ಮಾಡ್ಲಿಕ್ಕೆ ಆಗ್ತದೆ.”

“ಮುಖ ಪಡುವಣಕ್ಕೆ ಅಲ್ಲವಾ?” ಎಂದೆ. ಬೆಂಗ್ರೆಯಲ್ಲಿ ಹಾಗೆಯೇ ನೋಡಿದ್ದೆ.

ಅವನ ಕಣ್ಣಲ್ಲಿ ನಗು ಬಂತು. “ಪಡುವಣ ಎಂತಕ್ಕೆ? ಇಲ್ಲಿ ಪಡುವಣದಲ್ಲಿ ಅಮೇರಿಕ ಉಂಟು. ಪೂರ್ವಕ್ಕೆ ಮಾಡು, ಸ್ವಲ್ಪ ತೆಂಕಿಗೆ. ಹಡಗಿನ ಮನುಷ್ಯ ಹೇಳ್ತಾ ಇದ್ದೇನೆ.”

ಅವನು ಹೇಳದಿದ್ದರೆ ನಾನು ಅವನನ್ನು ತಿರುಗಾಮುರುಗಾ ಮಲಗಿಸುತ್ತಿದ್ದೆ ಎಂಬುದು ನೆನಪಾದರೆ ಇವತ್ತಿಗೂ ಮೈ ಬೆವರುತ್ತದೆ.

ಪಾದ್ರಿಗಳ ಬಂಗಲೆ

ಶುಕ್ರವಾರ ಬೆಳಿಗ್ಗೆ ಅವನ ಉಗುರುಗಳು ನೀಲಿಯಾಗಿದ್ದವು. ಜಾಗದ ವಿಷಯ ಮೊದಲೇ ಕೇಳಿಡುವುದು ಒಳ್ಳೆಯದೆಂದು ಮಾರ್ಟಿನ್ ನನ್ನನ್ನು ಪಾದ್ರಿಗಳಲ್ಲಿಗೆ ಕಳಿಸಿದ. ಹೋಗಲು ಮನಸ್ಸಿರಲಿಲ್ಲ, ಹೋದೆ.

ಕಪ್ಪು ನಿಲುವಂಗಿ ಕಂಡರೆ ನನಗೆ ಈಗಲೂ ಅಂಗೈ ಉರಿಯುತ್ತದೆ, ಶಾಲೆಯ ಬೆತ್ತದ ನೆನಪಿನಿಂದ. ಇವರು ನರೆಗೂದಲಿನ, ಸಣ್ಣ ದನಿಯ ಮನುಷ್ಯ. ಮಂಗಳೂರಿನಲ್ಲಿ ಕ್ರೈಸ್ತರಿದ್ದಾರೆಯೇ ಎಂದು ಕೇಳಿದರು. ಇಗರ್ಜಿಗಳ ಹೆಸರು ಹೇಳಿದೆ, ಕೊಂಕಣಿಯಲ್ಲಿ ಹಾಡುವುದನ್ನು ಹೇಳಿದೆ, ಸೆಪ್ಟೆಂಬರಿನಲ್ಲಿ ಮಕ್ಕಳು ಮರಿಯಮ್ಮನಿಗೆ ಹೂ ಹಾಕಿ ಹೊಸ ತೆನೆ ಮನೆಗೆ ತರುವುದನ್ನು ಹೇಳಿದೆ. ಅವರು ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೇಳಿದರು. ಧೈರ್ಯ ಮಾಡಿ ವಿಷಯಕ್ಕೆ ಬಂದೆ.

“ಸ್ಮಶಾನದಲ್ಲಿ ಆಗುವುದಿಲ್ಲ” ಎಂದರು. “ಅದು ನನ್ನ ಕೈಯಲ್ಲಿಲ್ಲ. ನಾನು ಅವನ ಮೇಲೆ ಪ್ರಾರ್ಥನೆ ಹೇಳುವಂತೆಯೂ ಇಲ್ಲ. ನಿಮಗೂ ಅದು ಬೇಡವಲ್ಲ?”

“ಬೇಡ ಫಾದರ್. ಮಣ್ಣು ಸಾಕು. ದಿಬ್ಬದ ಮೇಲೆ ಕೊಡಿ. ಆದರೆ ಹಗಲಲ್ಲಿ ಹೂಳಬೇಕು. ಅವನು ಏನೂ ತಪ್ಪು ಮಾಡಿದವನಲ್ಲ. ಕದ್ದು ಹೂಳಲು ನನ್ನಿಂದಾಗುವುದಿಲ್ಲ.”

ಇಷ್ಟು ಮಾತು ನನ್ನ ಬಾಯಿಯಿಂದ ಬಂದದ್ದು ನನಗೇ ಹೆದರಿಕೆ ಹುಟ್ಟಿಸಿತು. ಅವರು ಎದ್ದು ಬೆಂಕಿಯನ್ನು ಕೆದಕಿದರು. “ಹಗಲಲ್ಲಿ ಅಲ್ಲಿ ಯಾರನ್ನೂ ಹೂಳಿದ್ದು ನಾನು ಕಂಡಿಲ್ಲ” ಎಂದರು. “ಕೂಡದು ಎಂದು ಎಲ್ಲಿಯೂ ಬರೆದಿಲ್ಲ.”

ಇದಕ್ಕೆಲ್ಲ ಒಂದು ಗಂಟೆ ಹಿಡಿದಿರಬೇಕು. ನೋರಮ್ಮನ ಮನೆಗೆ ಬಂದಾಗ ಕಿಟಕಿ ತೆರೆದಿತ್ತು. ಅಷ್ಟು ಚಳಿಯಲ್ಲಿ ಯಾಕೆ ತೆರೆದರೆಂದು ತಿಳಿಯಲಿಲ್ಲ. ಒಳಗೆ ಕನ್ನಡಿಗೆ ಬಟ್ಟೆ ಹೊದಿಸಿತ್ತು. ಗೋಡೆಯ ಗಡಿಯಾರ ಹನ್ನೊಂದೂ ಹತ್ತಕ್ಕೆ ನಿಂತಿತ್ತು. ಮನೆಯಲ್ಲಿ ಆ ಉಸಿರಿನ ಸದ್ದು ಇರಲಿಲ್ಲ.

ನಾನು ಅವನ ಗೋರಿಗೆ ಜಾಗ ಕೇಳುತ್ತಿದ್ದಾಗ ಅವನು ಹೋಗಿದ್ದ.

ನೋರಮ್ಮ ಅವನ ಕೈ ಹಿಡಿದು ಕುಳಿತಿದ್ದರು. ನನಗೆ ಅಳು ಬರುವ ಮೊದಲು ಹಾಳು ಸಂಶಯ ಬಂತು. ಬಾಯಿ ಬಿಟ್ಟು ಕೇಳಲಿಲ್ಲ, ಆದರೆ ನನ್ನ ಕಣ್ಣು ಅವರ ಕೈಯ ಸುತ್ತ ಬಾಟಲಿ ಹುಡುಕಿತು. ಅವರಿಗೆ ಅರ್ಥವಾಯಿತು.

“ಇಲ್ಲ ಮಗ. ಬಾಟಲಿಯನ್ನು ಅಂಗಳದಲ್ಲಿ ಇಟ್ಟು ಬಂದೆ, ಎದುರಿಗಿದ್ದರೆ ಕೈ ಹೋದೀತೆಂದು.” ಆಮೇಲೆ ಕೇಳಿದರು. “ಕೊನೆಗೆ ಅವನು ‘ಉಮ್ಮಾ, ಉಮ್ಮಾ’ ಎಂದ. ಅದೇನು? ಅವನ ದೇವರ ಹೆಸರಾ?”

“ಅಲ್ಲ. ಅಮ್ಮ ಎಂದು.”

“ಹಾಗೆಯೇ ಇರಬೇಕೆಂದುಕೊಂಡೆ” ಎಂದರು ನೋರಮ್ಮ. “ನಾನು ‘ಇಲ್ಲೇ ಇದ್ದೇನೆ’ ಅಂದೆ.”

ಕಿಲ್ಲೀನ್

ಅವರ ಕ್ರಮದಲ್ಲಿ ಸಾವಾದೊಡನೆ ಕಿಟಕಿ ತೆರೆದು, ಕನ್ನಡಿ ಮುಚ್ಚಿ, ಗಡಿಯಾರ ನಿಲ್ಲಿಸಿ, ಹೆಣವನ್ನು ಒಂದು ರಾತ್ರಿಯಾದರೂ ಮನೆಯಲ್ಲಿಟ್ಟು, ಊರೆಲ್ಲ ಬಂದು ಕುಳಿತು, ಚಹಾ ಕುಡಿದು, ಸತ್ತವನ ಮಾತಾಡಬೇಕು. ಹಸನಬ್ಬನ ಕ್ರಮದಲ್ಲಿ ತಡ ಮಾಡಬಾರದು ಎಂದೆ. ನೋರಮ್ಮನಿಗೆ ಅದು ಸಂಕಟವಾದರೂ ಒಪ್ಪಿದರು. ಮಧ್ಯಾಹ್ನ ಬಂದ ಡಾಕ್ಟರು ಬೇಕಾದ ಕಾಗದ ಬರೆದುಕೊಟ್ಟರು.

ನಾನು ಅದುವರೆಗೆ ಹೆಣ ಮುಟ್ಟಿದವನಲ್ಲ. ಮಾರ್ಟಿನ್ ಬಿಸಿನೀರು ತಂದ. ನೋರಮ್ಮ ಹೊರಗೆ ಹೋದರು. ಮಾರ್ಟಿನ್ ಹಿಡಿದ, ನಾನು ಮೀಯಿಸಿದೆ. ಚೆಂಬು ಎರಡು ಸಲ ಜಾರಿತು. ಯಾವ ಮಾತು ಹೇಳಬೇಕೆಂದು ಗೊತ್ತಿಲ್ಲದೆ ‘ತಪ್ಪಿದರೆ ಕ್ಷಮಿಸು’ ಎಂದು ತುಳುವಿನಲ್ಲಿ ಹೇಳುತ್ತ ಹೋದೆ. ಹಸನಬ್ಬನಿಗೆ ಹೇಳಿದೆನೋ ಅವನ ದೇವರಿಗೋ ಗೊತ್ತಿಲ್ಲ. ಬಿಳಿ ಬಟ್ಟೆಯನ್ನು ನೋರಮ್ಮ ಪೆಟ್ಟಿಗೆಯಿಂದ ತೆಗೆದುಕೊಟ್ಟಿದ್ದರು. ದಪ್ಪ ನಾರಿನ ಎರಡು ಹೊಸ ಹೊದಿಕೆಗಳು. ಅವು ತಮ್ಮ ಸಾವಿಗೆಂದು ಅವರು ಎತ್ತಿಟ್ಟುಕೊಂಡಿದ್ದವು ಎಂದು ಮಾರ್ಟಿನ್ ಆಮೇಲೆ ಹೇಳಿದ.

ಗುಂಡಿ ತೋಡಲು ದಿಬ್ಬಕ್ಕೆ ಹೋದೆವು. ಗೋಡೆಯೊಳಗೆ ಹುಲ್ಲು, ಹುಲ್ಲಿನ ತುಂಬ ಚಿಕ್ಕ ಚಿಕ್ಕ ಕಲ್ಲುಗಳು, ಹೆಸರಿಲ್ಲದವು, ಕೆಲವು ತೆಂಗಿನಕಾಯಿಗಿಂತ ದೊಡ್ಡದಿಲ್ಲ. ಒಂದೊಂದರ ಕೆಳಗೂ ಒಂದು ಕೂಸು. ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಾನು ಒಂಟಿಕಾಲಲ್ಲಿ ನಿಂತುಬಿಟ್ಟೆ. ಸಂತನ ಗುಡಿಯ ಒಂದು ಗೋಡೆ ಮಾತ್ರ ಉಳಿದಿತ್ತು. ಅದರ ಬುಡದಲ್ಲಿ ಗಾಳಿ ತಗಲದ ಜಾಗ ಕಂಡು, “ಇಲ್ಲಿ ಆಗಬಹುದಾ?” ಎಂದು ಕೇಳಿದೆ.

“ಅಲ್ಲಿ ಬೇಡ” ಎಂದ ಮಾರ್ಟಿನ್. “ಅದು ಅಣ್ಣನ ಮಗು. ಪೆಟ್ಟಿಗೆ ಹಿಡಿಯಲು ನಾನೂ ಬಂದಿದ್ದೆ.”

“ನೋರಮ್ಮನಿಗೆ ಹೇಳಲಿಲ್ಲವಾ?”

“ಅಣ್ಣ ಹೇಳಬೇಡ ಎಂದಿದ್ದ. ಅವನು ಸತ್ತ ಮೇಲೆ ನನಗೆ ಧೈರ್ಯ ಬರಲಿಲ್ಲ.”

ಅವನು ಮುಖ ತಿರುಗಿಸಿ ಗುದ್ದಲಿ ಎತ್ತಿದ. ಮೂರು ಮಾರು ಆಚೆ, ಕಡಲು ತಂದ ಅನಾಮಧೇಯರ ಸಾಲಿನಲ್ಲಿ ತೋಡಿದೆವು. ದೋಣಿಯ ದಿಕ್ಸೂಚಿಯನ್ನು ಕಲ್ಲಿನ ಮೇಲಿಟ್ಟು ಪೂರ್ವಕ್ಕೆ ಸ್ವಲ್ಪ ತೆಂಕು ಎಲ್ಲಿ ಎಂದು ಹಗ್ಗ ಎಳೆದು ನೋಡಿದೆವು. ಮುಖ ಆ ಕಡೆ ಬರಬೇಕಾದರೆ ತಲೆ ದಕ್ಷಿಣಕ್ಕೆ ಬರಬೇಕು. ನಾನು ನೆಲದ ಮೇಲೆ ಬಲ ಮಗ್ಗುಲಾಗಿ ಮಲಗಿ ನೋಡಿದೆ, ಎದ್ದೆ, ಮತ್ತೆ ಸಂಶಯ ಬಂದು ಮತ್ತೆ ಮಲಗಿದೆ. ಮಾರ್ಟಿನ್ ನಗಲಿಲ್ಲ.

ನಾಲ್ಕು ಗಂಟೆಗೆ, ಇನ್ನೂ ಚೆನ್ನಾಗಿ ಬೆಳಕಿರುವಾಗ, ನಾಲ್ಕು ಮಂದಿ ಮೀನುಗಾರರು ಅವನನ್ನಿಟ್ಟ ಹಲಗೆ ಹೊತ್ತರು. ಮನೆಗಳ ಬಾಗಿಲಲ್ಲಿ ಜನ ನಿಂತಿದ್ದರು. ಅವರು ತಡೆಯುತ್ತಾರೋ ಎಂದು ಹೆದರಿ ಹಲಗೆಗೆ ಅಂಟಿಕೊಂಡೇ ನಡೆದೆ. ದಿಬ್ಬದ ತಿರುವಿನಲ್ಲಿ ಹಿಂದೆ ನೋಡಿದರೆ ನೋರಮ್ಮ ಬರುತ್ತಿದ್ದರು, ಕಪ್ಪು ಶಾಲು ತಲೆಗೆ ಎಳೆದುಕೊಂಡು, ಒಬ್ಬರೇ. ಹೊತ್ತವರಲ್ಲಿ ಒಬ್ಬ, “ಹೆಂಗಸರು ಬರುವುದಿಲ್ಲ ನೋರಾ” ಎಂದ.

“ಇವನ ತಾಯಿ ಇಲ್ಲಿಲ್ಲ” ಎಂದರು ನೋರಮ್ಮ. ನಡಿಗೆ ನಿಲ್ಲಿಸಲಿಲ್ಲ.

ಪಾದ್ರಿಗಳೂ ಬಂದಿದ್ದರು. ಗೋಡೆಯ ಹೊರಗೆ ಮಳೆಹನಿಯಲ್ಲಿ ಟೋಪಿ ಕೈಯಲ್ಲಿ ಹಿಡಿದು ನಿಂತರು. ನಾನು ಗುಂಡಿಗಿಳಿದು ಹಸನಬ್ಬನ ಮುಖ ತಿರುಗಿಸಿದೆ, ಮೇಲೆ ಬಂದೆ, ಮೂರು ಹಿಡಿ ಮಣ್ಣು ಹಾಕಿದೆ. ಅದನ್ನು ಬೆಂಗ್ರೆಯಲ್ಲಿ ಅವನ ಅಜ್ಜನಿಗೆ ಹಾಕುವಾಗ ಗೋಡೆಯ ಮೇಲೆ ಕುಳಿತು ನೋಡಿದ್ದೆ. ನನಗೆ ಗೊತ್ತಿದ್ದದ್ದು ಅಷ್ಟೇ.

ಮಣ್ಣು ಮುಚ್ಚಿದ ಮೇಲೂ ಯಾರೂ ಹೊರಡಲಿಲ್ಲ. ನೋರಮ್ಮ ತಲೆ ತಗ್ಗಿಸಿ ಸುತ್ತಲಿನ ಸಣ್ಣ ಕಲ್ಲುಗಳನ್ನು ನೋಡುತ್ತಿದ್ದರು, ಒಂದರಿಂದ ಒಂದಕ್ಕೆ. ಮಾರ್ಟಿನ್ ಗುದ್ದಲಿ ಕೆಳಗಿಟ್ಟ. ಅವನ ಮುಖ ಬಿಳಚಿಕೊಂಡಿತ್ತು. ಮರಳಿನ ಮೇಲೆ ನೀರು ಬಂದಾಗಲೂ ನಾನು ಅವನನ್ನು ಹಾಗೆ ಕಂಡಿರಲಿಲ್ಲ. ಅತ್ತಿಗೆಯ ಮೊಣಕೈ ಹಿಡಿದು ಗುಡಿಯ ಗೋಡೆಯ ಬುಡಕ್ಕೆ ಕರೆದೊಯ್ದು, “ಇದು” ಎಂದ.

ನೋರಮ್ಮ ಕಲ್ಲನ್ನೇ ನೋಡುತ್ತ ನಿಂತರು. ಕೂಗುತ್ತಾರೋ, ಅವನನ್ನು ಹೊಡೆಯುತ್ತಾರೋ ಎಂದು ಎಲ್ಲರೂ ಕಾದರು. ಅವರು ಕೇಳಿದ್ದು ಇಷ್ಟು:

“ತಲೆ ಯಾವ ಕಡೆಗೆ ಇಟ್ಟಿರಿ?”

“ಗೋಡೆಯ ಕಡೆಗೆ. ಗಾಳಿ ತಗಲದ ಹಾಗೆ.”

ಅವರು ಮೊಣಕಾಲೂರಿ ಕುಳಿತು, ಆ ತುದಿಯ ಹುಲ್ಲನ್ನು ಅಂಗೈಯಿಂದ ನೇವರಿಸಿದರು. ನಾನು ಗೋಡೆಯ ಕಡೆ ನೋಡಿದೆ. ಪಾದ್ರಿಗಳು ಹೊರಗೆ 	ಇರಲಿಲ್ಲ. ಮೋಟು ಗೋಡೆ ದಾಟಿ ಒಳಗೆ ಬಂದು, ನಿಲುವಂಗಿಯ ಅಂಚು ಮುಳ್ಳಿಗೆ ಸಿಕ್ಕಿ ಹರಿದದ್ದನ್ನೂ ಗಮನಿಸದೆ, ನೋರಮ್ಮನ ಹಿಂದೆ ನಿಂತಿದ್ದರು.

ಶನಿವಾರದ ಬಸ್ಸು

ಮರುದಿನ ಬೆಳಿಗ್ಗೆ ಬಸ್ಸು ಬಂತು. ಬೆಂಗ್ರೆಗೆ ಬರೆಯಬೇಕಾದ ಕಾಗದದ ಮೊದಲ ಸಾಲು ಇನ್ನೂ ಹೊಳೆದಿರಲಿಲ್ಲ. ನೋರಮ್ಮ ಬಸ್ಸಿನವರೆಗೆ ಬರಲಿಲ್ಲ. ಬಾಗಿಲಲ್ಲೇ ನನ್ನ ಕೈ ಹಿಡಿದು, ಅವನ ತಾಯಿಯ ಹೆಸರೇನೆಂದು ಕೇಳಿ, ಎರಡು ಸಲ ಹೇಳಿ ಕಲಿತುಕೊಂಡಿದ್ದರು.

ಬಸ್ಸಿನಲ್ಲಿ ನಾನೊಬ್ಬನೇ. ಗುಡ್ಡದ ತಿರುವಿನಲ್ಲಿ ಚಾಲಕ ಬ್ರೇಕು ಹಾಕಿದ. ದಿಬ್ಬಕ್ಕೆ ಹೋಗುವ ಕಾಲುದಾರಿಯಲ್ಲಿ ನೋರಮ್ಮನ ಕಪ್ಪು ಶಾಲು ಕಂಡಿತು. ಹಿಂದೆ ಇನ್ನೊಂದು ಶಾಲು, ಅದರ ಹಿಂದೆ ಕೋಲೂರಿ ನಡೆಯುವ ಒಬ್ಬ ಮುದುಕಿ, ಆಮೇಲೆ ನನ್ನ ಪ್ರಾಯದ ಒಬ್ಬಳು. ಒಟ್ಟು ಆರು ಮಂದಿ. ಒಬ್ಬರಿಗೊಬ್ಬರು ಮಾತಾಡದೆ, ಆಚೀಚೆ ನೋಡುತ್ತ, ಯಾರೋ ಹಿಂದಕ್ಕೆ ಕರೆದಾರೆಂಬ ಹಾಗೆ ಬೇಗ ಬೇಗ ಹತ್ತುತ್ತಿದ್ದರು.

“ದೇವರೇ” ಎಂದ ಚಾಲಕ. ಶಿಲುಬೆಯ ಗುರುತು ಮಾಡಿಕೊಂಡ. “ಕೊನೆಯವಳು ನನ್ನ ಹೆಂಡತಿ.”

ಅವನು ಎಂಜಿನ್ನು ನಿಲ್ಲಿಸಿದ. ಆಮೇಲೆ ಬಾಗಿಲು ತೆರೆದು ಇಳಿದು, ಟೋಪಿ ಕಳಚಿ, ಅವರ ಹಿಂದೆ ದಿಬ್ಬ ಹತ್ತತೊಡಗಿದ.